ಎದೆಯ ಮೇಲೊಂದು ಟನ್

ಮೊದಲ ಶತ್ರು ಒಂದು ನಟ್ಟು. ಆಕ್ಸಲ್ ತುದಿಯದು, ಅಗಲ 29 ಮಿಲಿಮೀಟರ್. ಅಮೆರಿಕದ ಉತ್ತರ ರಾಜ್ಯಗಳ ರಸ್ತೆಗಳಿಗೆ ಚಳಿಗಾಲದಲ್ಲಿ ಸುರಿಯುವ ಉಪ್ಪು ಕುಡಿದು ಚಕ್ರದ ಹಬ್ಬಿಗೇ ಕಚ್ಚಿ ಕೂತಿದೆ. ಕಾರ್ಖಾನೆಯಲ್ಲಿ ಬಿಗಿದದ್ದೇ 200 ನ್ಯೂಟನ್ ಮೀಟರಿಗೂ ಮೇಲೆ. ಉಳಿಯಿಟ್ಟು ಅಂಚು ಬಿಡಿಸುತ್ತಾರೆ, ಪಾನಾದ ಹಿಡಿಗೆ ಕಬ್ಬಿಣದ ಪೈಪು ತೊಡಿಸುತ್ತಾರೆ, ಮೈಭಾರವೆಲ್ಲ ಹಾಕಿ ಜಗ್ಗುತ್ತಾರೆ. ಚಕ್ರಗಳು ನೆಲದ ಮೇಲಿರುವಾಗಲೇ ಇದು ಸಡಿಲವಾಗಬೇಕು. ಎತ್ತಿದ ಮೇಲೆ ಹೀಗೆ ಜಗ್ಗಿದರೆ ಸ್ಟ್ಯಾಂಡು ಜಾರುತ್ತದೆ, ಒಂದು ಟನ್ ಕಾರು ಎದೆಯ ಮೇಲೆ!

ಕಾರು ಮಾಜ್ದಾ ಮಿಯಾಟಾ. 1989ರ ಷಿಕಾಗೋ ಪ್ರದರ್ಶನದಲ್ಲಿ ಲೋಕಕ್ಕೆ ಮುಖ ತೋರಿದ ಎರಡು ಸೀಟಿನ ಚುರುಕುಗಾತಿ. ಆದರೆ 1.6 ಲೀಟರಿನ ಮೊದಲ ಕಾರುಗಳಲ್ಲಿ, ಹಿಂಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ಲಿನ ದೊಡ್ಡ ಗೇರು ಬರೀ 6 ಇಂಚು. ಟರ್ಬೊ ಕೂರಿಸಿ ಎಂಜಿನ್ನಿನ ಬಲ ಹೆಚ್ಚಿಸಿದರೆ ಹಲ್ಲು ಪುಡಿ. ಡಿಫರೆನ್ಷಿಯಲ್ಲನ್ನೇ ಬದಲಿಸುವ ಕಾಳಗ ಇದು. 1994ರಿಂದ 1.8 ಲೀಟರಿನ ಕಾರುಗಳಿಗೆ 7 ಇಂಚಿನದು ಬಂತು, ಅದರ ಹೊಟ್ಟೆಯಲ್ಲಿ ಟಾರ್ಸನ್ ಸಿಗುವಂತಾಯಿತು. ಜಾರುವ ಚಕ್ರಕ್ಕೆ ಬಲ ಪೋಲು ಮಾಡದೆ, ನೆಲ ಹಿಡಿದ ಚಕ್ರಕ್ಕೆ ಹೆಚ್ಚು ದಾಟಿಸುವ ಗೇರುಗಳ ಜಾಣ ಜೋಡಣೆ ಅದು. ಅಮೆರಿಕದ ವರ್ನನ್ ಗ್ಲೀಸ್‌ಮನ್ 1958ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ಅಂಥದ್ದೊಂದು ಡಿಫರೆನ್ಷಿಯಲ್ ಗುಜರಿಯಲ್ಲಿ ಸಿಕ್ಕಿತು, ಹೊತ್ತು ತಂದದ್ದಾಯಿತು. ಅಷ್ಟೇ ಸಾಕೆ? ಸಾಲದು!

ಹಳೆಯ ಆಕ್ಸಲ್‌ಗಳು ಹೊಸದರೊಳಗೆ ಕೂರವು. ಪ್ರೊಪೆಲ್ಲರ್ ಶಾಫ್ಟಿನ ಮುಖವೂ ಹೊಂದದು. ಡಿಫರೆನ್ಷಿಯಲ್, ಎರಡೂ ಆಕ್ಸಲ್, ಶಾಫ್ಟು, ಎಲ್ಲವೂ ಒಂದೇ ಕುಲದವಾಗಿ ಬರಬೇಕು. ಒಂದು ಮರೆತರೂ ಅರ್ಧ ಬಿಚ್ಚಿದ ಕಾರು ವಾರಗಟ್ಟಲೆ ಗ್ಯಾರೇಜಿನಲ್ಲಿ ಅನಾಥ.

ಈಗ ನಿಜವಾದ ಕಂಟಕ. ಗೇರ್‌ಬಾಕ್ಸಿನಿಂದ ಡಿಫರೆನ್ಷಿಯಲ್‌ವರೆಗೆ ಅಲ್ಯೂಮಿನಿಯಮ್ಮಿನ ಉದ್ದನೆಯ ತೊಲೆ ಬೆನ್ನೆಲುಬಿನಂತೆ ಚಾಚಿದೆ. ಬೋಲ್ಟು ಬಿಚ್ಚಿದರೂ ಒಳಗಿನ ಉಕ್ಕಿನ ಕೊಳವೆ ತುಕ್ಕು ಹಿಡಿದು ಕದಲುವುದಿಲ್ಲ. ತುಕ್ಕು ಬಿಡಿಸುವ ಎಣ್ಣೆ ಚಿಮುಕಿಸು, ಕಾಯಿ, ಬಡಿ, ಮತ್ತೆ ಚಿಮುಕಿಸು! ಕೊನೆಗೆ ಕೊಳವೆಯೊಳಕ್ಕೇ ಒಂದು ಬೋಲ್ಟು ತಿರುಚಿ, ಮೀಟುಗೋಲು ಹಾಕಿ ಎಬ್ಬುತ್ತಾರೆ. ಕಿರ್ರ್... ಕೂದಲೆಳೆಯಷ್ಟು ಜರುಗಿತು. ಗೇರ್‌ಬಾಕ್ಸಿನ ಕೆಳಗೆ ಜಾಕಿ ಇಟ್ಟಿದ್ದಾರೆಯೇ? ಇಲ್ಲದಿದ್ದರೆ ತೊಲೆ ಕಳಚಿದ ಕ್ಷಣವೇ ಗೇರ್‌ಬಾಕ್ಸಿನ ಬಾಲ ಕುಸಿದು ಎಂಜಿನ್ನೇ ಹಿಂದಕ್ಕೆ ವಾಲುತ್ತದೆ!

ಇಟ್ಟಿದ್ದಾರೆ. ಹಳೆಯ ಡಿಫರೆನ್ಷಿಯಲ್ ಗಡ್ಡೆ ಇಳಿಯಿತು. ಹೊಸದನ್ನು ಏರಿಸುವ ಮೊದಲು ಅನುಭವಿಗಳು ಎಣ್ಣೆ ತುಂಬುವ ಬಿರಡೆಯನ್ನು ಸಡಿಲಿಸಿ ನೋಡುತ್ತಾರೆ. ನನ್ನ ಕಣ್ಣಿಗೆ ಇಡೀ ಕಾಳಗದ ಅತಿ ಜಾಣ ನಡೆ ಇದು. ಮೇಲೆ ಹೋದ ಮೇಲೆ ಬಿರಡೆ ಮುಷ್ಕರ ಹೂಡಿದರೆ ಎಣ್ಣೆಯಿಲ್ಲದ ಡಿಫರೆನ್ಷಿಯಲ್ ತಲೆಯ ಮೇಲೆ ತೂಗುತ್ತದೆ, ಅಷ್ಟೆ. ಜಾಕಿ ಏರುತ್ತದೆ. ಗಡ್ಡೆ ವಾಲುತ್ತದೆ. ಒಬ್ಬ ಕೈಯೊಡ್ಡಿ ತಡೆಯುತ್ತಾನೆ, ಇನ್ನೊಬ್ಬ ಹಿಡಿ ಒತ್ತುತ್ತಾನೆ. "ನಿಲ್ಲಿಸೋ! ಬೆರಳು!" ಬೆರಳು ಉಳಿಯಿತು. ಬೋಲ್ಟು ಹೊಕ್ಕಿತು. ಒಂದು ಲೀಟರ್ ಗೇರ್ ಆಯಿಲ್, ತೂತಿನಿಂದ ತುಳುಕುವವರೆಗೆ.

ಮುಗಿಯಿತೆಂದರೆ ಸ್ಪೀಡೋಮೀಟರ್ ಕಾಯುತ್ತಿದೆ! ಡಿಫರೆನ್ಷಿಯಲ್ಲಿನ ಹಳೆಯ ಗೇರ್ ಅನುಪಾತ 4.3, ಹೊಸದು 4.1. ಮುಳ್ಳು ತೋರುವುದಕ್ಕಿಂತ ಕಾರು ಶೇಕಡ 5ರಷ್ಟು ಜೋರಾಗಿ ಓಡುತ್ತದೆ. ಗೇರ್‌ಬಾಕ್ಸಿನ ಪುಟ್ಟ ಸ್ಪೀಡೋ ಗೇರನ್ನೂ ಬದಲಿಸಿ, ಟ್ರ್ಯಾಕಿಗೆ ನುಗ್ಗುತ್ತಾರೆ.

ಎರಡನೆಯ ಗೇರು. ತಿರುವು. ಹಿಂಚಕ್ರಗಳೆರಡೂ ಕಚ್ಚಿ ನೂಕುತ್ತವೆ. ಅಷ್ಟರಲ್ಲಿ ಒಳಚಕ್ರ ಅಂಚುಗಲ್ಲು ಹತ್ತಿ ಗಾಳಿಗೆ ಎದ್ದಿತು! ಟಾರ್ಸನ್ನಿಗೆ ಇದೊಂದೇ ಗಂಡಾಂತರ: ಚಕ್ರ ಪೂರ್ತಿ ನೆಲ ಬಿಟ್ಟರೆ ದಾಟಿಸಲು ಬಲವೇ ಉಳಿಯದು. ಎಡಗಾಲು ಬ್ರೇಕನ್ನು ಸವರುತ್ತದೆ. ತೇಲುವ ಚಕ್ರಕ್ಕೆ ತಡೆ ಸಿಕ್ಕಿತು, ಗೇರುಗಳಿಗೆ ಹಿಡಿತ ಸಿಕ್ಕಿತು. ಬಲ ಹೊರಚಕ್ರಕ್ಕೆ ಹಾರಿತು, ಕಾರು ತಿರುವಿನಾಚೆ ಚಿಮ್ಮಿತು.