ಮಾವನ ಯೆಜ್ಡಿಯೂ ಸ್ಟೋವ್ ಪಿನ್ನೂ

ಆಟಿ ಮಳೆ ಕಳ್ದು ಬಿಸಿಲು ಕಂಡ್ರೆ ನಮ್ಮನೇಲಿ ಮೊದಲು ಹೊರಗೆ ಬರೋದು ಕಂಬಳಿ, ಆಮೇಲೆ ಮಾವನ ಯೆಜ್ಡಿ. ಮೈಸೂರಿನ ಆ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಈ ಗಾಡಿ ಅದಕ್ಕಿಂತ ಹಳೇದು. ಕಿಕ್ ಹೊಡೆಯೋ ಪೆಡಲೇ ಗೇರೂ ಆಗ್ತದಲ್ಲ, ಅದೇ ಗಾಡಿ.

ಈ ಸಲ ಸ್ಟಾರ್ಟ್ ಏನೋ ಆಯ್ತು. ನಿಂತಲ್ಲಿ ಚೆನ್ನಾಗೇ ಇತ್ತು. ಚೇರಂಬಾಣೆಯಿಂದ ಮಡಿಕೇರಿ ಕಡೆ ಏರು ಸಿಕ್ಕಿದ್ದೇ ತಡ, ಎಕ್ಸಿಲೇಟರ್ ತಿರುಗಿಸಿದಷ್ಟೂ ಮುಕ್ಕಿ ಮುಕ್ಕಿ ಸೋತುಹೋಯ್ತು. ನೋಡ್ದ ಮೆಕ್ಯಾನಿಕ್ ಒಬ್ರು, "ಕಾರ್ಬೋರೇಟರೇ ಬದಲಾಯಿಸ್ಬೇಕು" ಅಂದ್ರು. ಮೈದುನ, "ಗುಜರಿಗೆ ಕೊಟ್ಬಿಡುವ" ಅಂದ. ಮಾವ ಏನೂ ಹೇಳ್ಲಿಲ್ಲ. ಎರಡು ವರ್ಷದಿಂದ ಅವರ ಕೈ ನಡುಗ್ತದೆ, ಸ್ಪ್ಯಾನರ್ ಹಿಡಿಯೋಕಾಗಲ್ಲ. ಆ ರಾತ್ರಿ ಊಟಾನೂ ಅರ್ಧಕ್ಕೇ ಬಿಟ್ರು.

ಬೆಳಿಗ್ಗೆ ನಾನೇ ಹೇಳ್ದೆ, "ಮಾವ, ನೀವು ಹೇಳಿ, ನಾನು ಬಿಚ್ತೇನೆ."

ಜಗಲಿಲಿ ಕೂತೇ ಹೇಳಿಕೊಟ್ರು. ಒಂದು ಸಲಕ್ಕೆ ಒಂದೇ ನೋಡ್ಬೇಕಂತೆ. ಸಾರಿಗೆ ಉಪ್ಪು, ಹುಳಿ, ಖಾರ ಒಟ್ಟಿಗೇ ಸುರಿದ್ರೆ ಯಾವುದು ಕಮ್ಮಿಯಿತ್ತು ಗೊತ್ತಾಗಲ್ಲ ಅಲ್ವ? ಮೊದಲು ಪ್ಲಗ್ ಬಿಚ್ಚಿದೆ. ಕಪ್ಪು ಮಸಿಯಾದ್ರೆ ಪೆಟ್ರೋಲ್ ಜಾಸ್ತಿ, ಬಿಳಿಚಿದ್ರೆ ಕಮ್ಮಿ, ಕಾಫಿ ಬಣ್ಣಕ್ಕಿದ್ರೆ ಸರಿ. ನಮ್ದು ಬಿಳಿಚಿತ್ತು. ಆಮೇಲೆ ಅರ್ಧ ಚೋಕ್ ಹಾಕಿ ಓಡಿಸ್ದೆ, ಸ್ವಲ್ಪ ಎಳೀತು. "ಅದ್ಕೆ ಹಸಿವು ಉಟ್ಟು" ಅಂದ್ರು ಮಾವ.

ಪೆಟ್ರೋಲ್ ಎಲ್ಲಿ ನಿಂತಿದೆ ಅಂತ ಹುಡುಕಿದ್ವಿ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಹೋಗೋ ತೂತು ಕಟ್ಟಿದ್ರೂ ಹೀಗಾಗ್ತದಂತೆ. ಮುಚ್ಚಳ ಸಡಿಲ ಬಿಟ್ಟು ನೋಡಿದ್ರೂ ಹಾಗೇ. ಪೈಪ್ ಬಿಚ್ಚಿ ಬಾಟ್ಲಿಗೆ ಹಿಡಿದ್ರೆ ಧಾರೆ ಚೆನ್ನಾಗೇ ಬಂತು. ಉಳಿದದ್ದು ಕಾರ್ಬೋರೇಟರ್. ಒಲೆ, ಬೀಡಿ ಯಾವ್ದೂ ಹತ್ತಿರ ಬಾರದಂಗೆ ಅಂಗಳದಲ್ಲಿ ಇಟ್ಟು, ಕೆಳಗಿನ ಬಟ್ಟಲು ಬಿಚ್ಚಿದೆ. ತಳದಲ್ಲಿ ನೀರಿನ ಮಣಿ, ಕೆಂಪು ತುಕ್ಕಿನ ಗಸಿ! ಮೇನ್ ಜೆಟ್ಟನ್ನ ಬೆಳಕಿಗೆ ಹಿಡಿದ್ರೆ ತೂತೇ ಕಾಣ್ಲಿಲ್ಲ. ನಿಂತಲ್ಲಿ ಓಡೋಕೆ ಬೇರೆ ಸಣ್ಣ ಜೆಟ್ ಇದೆ, ಅದು ಸರಿಯಿತ್ತು. ಅದಕ್ಕೇ ಏರಲ್ಲಿ ಮಾತ್ರ ಸೋಲ್ತಿತ್ತು.

ನಮ್ಮ ಪಂಪ್ ಸ್ಟೋವ್ ಕಟ್ಟಿದಂಗೇ ಇದೂ ಅಂತ ನಾನು ಪಿನ್ ತರೋಕೆ ಎದ್ದೆ. ಮಾವ ಕೂಗೇಬಿಟ್ರು. ಜೆಟ್ ಹಿತ್ತಾಳೆ, ಚುಚ್ಚಿದ್ರೆ ತೂತು ದೊಡ್ಡದಾಗಿ ಅಳತೆ ಕೆಡ್ತದೆ. ಪೆಟ್ರೋಲಲ್ಲಿ ನೆನೆಸಿಟ್ಟು ಸೈಕಲ್ ಪಂಪಲ್ಲಿ ಊದ್ದೆ. ಸೂಜಿಮೊನೆಯಷ್ಟು ಬೆಳಕು ಕಂಡ್ತು.

ತಪ್ಪು ನಮ್ದೇ. ಟ್ಯಾಂಕ್ ಅರ್ಧ ಖಾಲಿ ಬಿಟ್ಟು ಮಳೆಗಾಲ ಕಳೆದಿದ್ವಿ. ಖಾಲಿ ಜಾಗದ ಥಂಡಿಗಾಳಿಯೇ ಒಳಗೆ ನೀರಾಗಿ ತುಕ್ಕು ಹಿಡಿಸಿದೆ. ನಿಮ್ಮನೇಲೂ ಹಳೇ ಗಾಡಿ ಇದ್ರೆ ಮಳೆಗೆ ಮುಂಚೆ ಟ್ಯಾಂಕ್ ತುಂಬಿಸಿ, ಪೆಟ್ರೋಲ್ ನಲ್ಲಿ ಮುಚ್ಚಿ, ತಾನಾಗಿ ಆಫ್ ಆಗೋವರೆಗೂ ಓಡಿಸಿ ನಿಲ್ಲಿಸಿ.

ಟ್ಯಾಂಕ್ ತೊಳೆದು, ಹೊಸ ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಿ, ಏರಿಗೆ ಹೊರಟೆ. ಒಂದು ಸಲಾನೂ ಮುಕ್ಲಿಲ್ಲ. ತಿರುವು ದಾಟೋವರೆಗೂ ಮಾವ ಗೇಟ್ ಹತ್ರ ಶಬ್ದ ಕೇಳ್ತಾ ನಿಂತಿದ್ರಂತೆ. "ಈಗ ಸರಿ ಉಟ್ಟು" ಅಂದು ಒಳಗೆ ಬಂದು, ಎರಡನೇ ಸಲ ಅನ್ನ ಹಾಕಿಸ್ಕೊಂಡ್ರಂತೆ, ಅತ್ತೆ ಹೇಳಿದ್ರು. ಗುಜರಿ ಮಾತು ಮೈದುನ ಮತ್ತೆ ಎತ್ತಲಿಲ್ಲ.