ಬಿಸಿಲು ಬಿಟ್ಟಿ, ಕೂಡಿಡುವುದು ದುಬಾರಿ

ಜಯನಗರ, ಬನಶಂಕರಿಯ ತಾರಸಿಗಳ ಮೇಲೆ ಸೋಲಾರ್ ಹೀಟರುಗಳು ಹಳೆಯ ನೆಂಟರಂತೆ ಕುಳಿತಿವೆ. ಈಗ ಅವುಗಳ ಪಕ್ಕದಲ್ಲಿ ವಿದ್ಯುತ್ ಕೊಡುವ ಫಲಕಗಳೂ ಬಂದು ಸೇರುತ್ತಿವೆ. “ಸಾರ್, ಎರಡರಲ್ಲಿ ಯಾವುದು ಒಳ್ಳೆಯದು?” ಎಂದು ಮಕ್ಕಳು ಕೇಳುತ್ತಾರೆ. ನಾನು ಸೀಮೆಸುಣ್ಣ ಕೊಟ್ಟು ಲೆಕ್ಕ ಮಾಡಿಸುತ್ತೇನೆ.

ನೂರು ಲೀಟರ್ ನೀರಿನ ಉಷ್ಣತೆಯನ್ನು 30 ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 3.5 ಯೂನಿಟ್ ಶಕ್ತಿ ಬೇಕು. ಒಳ್ಳೆಯ ಬಿಸಿಲಿದ್ದರೆ 2 ಚದರ ಮೀಟರಿನ ಹೀಟರು ಒಂದೇ ದಿನದಲ್ಲಿ ಈ ಕೆಲಸ ಮುಗಿಸುತ್ತದೆ. ಅಷ್ಟೇ ವಿದ್ಯುತ್ ಪಡೆಯಲು ಸುಮಾರು 5 ಚದರ ಮೀಟರ್ ಫಲಕ ಬೇಕು. ಏಕೆಂದರೆ ಫಲಕವು ತನ್ನ ಮೇಲೆ ಬಿದ್ದ ಬಿಸಿಲಿನ ಸುಮಾರು ಐದನೇ ಒಂದು ಭಾಗವನ್ನಷ್ಟೇ ವಿದ್ಯುತ್ತಾಗಿಸುತ್ತದೆ. ಬಿಸಿನೀರನ್ನು ಮರುದಿನ ಬೆಳಗಿನವರೆಗೆ ಕಾಪಾಡಲು ಶಾಖ ಸೋರದಂತೆ ಹೊದಿಸಿದ ತೊಟ್ಟಿ ಸಾಕು. ವಿದ್ಯುತ್ತನ್ನು ಕಾಪಾಡಲು ಬ್ಯಾಟರಿ ಬೇಕು. ಅದು ದುಬಾರಿ, ವರ್ಷಗಳು ಕಳೆದಂತೆ ಸವೆಯುತ್ತದೆ ಕೂಡ.

ಹೆಚ್ಚಾದ ವಿದ್ಯುತ್ತನ್ನು ಬೆಸ್ಕಾಂ ಜಾಲಕ್ಕೆ ಕೊಟ್ಟು ಬಿಲ್ಲು ತಗ್ಗಿಸಿಕೊಳ್ಳಬಹುದು, ನಿಜ. ಆದರೆ ಕರೆಂಟು ಹೋದೊಡನೆ ಬ್ಯಾಟರಿಯಿಲ್ಲದ ಫಲಕವೂ ಕೈಕಟ್ಟಿ ಕೂರುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮನೆಯಿಂದ ಹರಿದ ವಿದ್ಯುತ್ ತಗುಲಬಾರದೆಂದೇ ಆ ಏರ್ಪಾಡು.

ಇದೇ ಲೆಕ್ಕವನ್ನು ದೊಡ್ಡದಾಗಿ ಕಾಣಬೇಕೆಂದರೆ ತುಮಕೂರು ಜಿಲ್ಲೆಯ ಪಾವಗಡದ ಕಡೆ ನೋಡಬೇಕು. ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಅಲ್ಲಿದೆ. ಕಲ್ಲಿದ್ದಲು ಸುಡಬೇಕಿಲ್ಲ, ಹೊಗೆಯಿಲ್ಲ. ಬರ ಕಂಡು ಬೇಸತ್ತ ರೈತರು ಜಮೀನು ಮಾರದೆ ಗುತ್ತಿಗೆಗೆ ಕೊಟ್ಟರು. ಆ ಗುತ್ತಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಯಿತು. ಇದು ಲಾಭದ ಬಾಬತ್ತು. ಆದರೆ ಸ್ವಂತ ಜಮೀನಿಲ್ಲದ ಕೂಲಿಕಾರರಿಗೆ ಗುತ್ತಿಗೆ ಹಣವಿಲ್ಲ, ಆ ಹೊಲಗಳ ಕೆಲಸವೂ ಇಲ್ಲ. ಇನ್ನು ಸಂಜೆ ಏಳಕ್ಕೆ ಬೆಂಗಳೂರು ದೀಪ ಹಚ್ಚುವ ಹೊತ್ತಿಗೆ ಆ ಫಲಕಗಳಿಗೆ ಕತ್ತಲು.

ಹಾಗೆಂದು ಸೌರಶಕ್ತಿ ಬೇಡವೆನ್ನಲಾದೀತೇ? ಖಂಡಿತ ಇಲ್ಲ. ಸ್ನಾನದ ನೀರಿಗೆ ಹೀಟರು ಮೊದಲು. ಹಗಲಿನ ಬಳಕೆ ಹೆಚ್ಚಿರುವ ಮನೆಗೆ, ಶಾಲೆಗೆ, ಕಚೇರಿಗೆ ಫಲಕ. ಆದರೆ ಪೋಷಕರು ಹಣ ಕಟ್ಟುವ ಮುನ್ನ ಮಕ್ಕಳನ್ನು ತಾರಸಿಗೆ ಕಳುಹಿಸಲಿ. ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡು, ಮೂರು ಗಂಟೆಗೆ ಪಕ್ಕದ ಕಟ್ಟಡದ ನೆರಳು ಎಲ್ಲಿಗೆ ಬರುತ್ತದೆಂದು ಸೀಮೆಸುಣ್ಣದಿಂದ ಗುರುತಿಸಲಿ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ಇನ್ನೊಮ್ಮೆ ನೋಡಲಿ. ಮಾರುವವರ ಮಾತಿಗಿಂತ ಆ ಗೆರೆಯನ್ನು ನಂಬಬಹುದು.