ಆ ನಾಲ್ಕು ಎಲ್ಲಿಂದ ಬಂತು?

ಮದುವೆಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ಎಸ್ಸೆಸ್ಸೆಲ್ಸಿ ಮುಗಿಸಿ ಎಷ್ಟೇ ವರ್ಷವಾಗಿರಲಿ, ವರ್ಗ ಸಮೀಕರಣದ ಸೂತ್ರ ಹೇಳಿ ಎಂದರೆ ಹೇಳಿಬಿಡುತ್ತಾರೆ. ‘ಮೈನಸ್ ಬಿ ಪ್ಲಸ್ ಆರ್ ಮೈನಸ್ ರೂಟ್ ಬಿ ಸ್ಕ್ವೇರ್ ಮೈನಸ್ ಫೋರ್ ಎಸಿ ಬೈ ಟೂ ಎ’ ಅಂತ ಒಂದೇ ಉಸಿರಿಗೆ. ಎಳವೆಯಲ್ಲಿ ಬಾಯಿಗೆ ಹತ್ತಿದ್ದು ಸುಲಭಕ್ಕೆ ಬಿಟ್ಟುಹೋಗುವುದಿಲ್ಲ. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿ ನೋಡಿ: ಆ ಫೋರ್ ಎಸಿಯಲ್ಲಿ ನಾಲ್ಕು ಇದೆಯಲ್ಲ, ಅದು ಎಲ್ಲಿಂದ ಬಂತು? ಮೂರು ಯಾಕಲ್ಲ, ಐದು ಯಾಕಲ್ಲ? ಎಂಜಿನಿಯರಿಂಗ್ ಓದಿದವರೂ ಸಾರನ್ನದಲ್ಲಿ ಕೈಯಿಟ್ಟು ಯೋಚಿಸತೊಡಗುತ್ತಾರೆ. ಶಾಲೆಯ ಗಣಿತದಲ್ಲಿ ನನಗೆ ತುಂಬ ಪ್ರೀತಿಯ ಪ್ರಶ್ನೆ ಇದು. ಉತ್ತರಕ್ಕೆ ದೊಡ್ಡ ಪಾಂಡಿತ್ಯವೇನೂ ಬೇಡ, ಒಂದು ಹಾಳೆ, ಒಂದು ಪೆನ್ಸಿಲ್ಲು ಸಾಕು.

ಬಾಗ್ದಾದಿನಿಂದ ಶುರು ಮಾಡೋಣ. ಒಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ಗಣಿತಜ್ಞ ಅಲ್ ಖ್ವಾರಿಜ್ಮಿ ಅಲ್ಲಿ ಕೂತು ಒಂದು ಲೆಕ್ಕ ಬರೆದ. ಒಂದು ಚೌಕದ ವಿಸ್ತೀರ್ಣಕ್ಕೆ ಅದರ ಬಾಹುವಿನ ಹತ್ತರಷ್ಟನ್ನು ಕೂಡಿಸಿದರೆ 39 ಬರುತ್ತದೆ, ಬಾಹು ಎಷ್ಟು? ಆತ ಇದಕ್ಕೆ ಚಿತ್ರ ಬರೆದೇ ಉತ್ತರ ತೋರಿಸಿದ. ಚೌಕ ಬರೆಯಿರಿ. ಹತ್ತನ್ನು ಎರಡು ಪಾಲು ಮಾಡಿ, ಐದೈದು ಅಗಲದ ಎರಡು ಪಟ್ಟಿ ಕತ್ತರಿಸಿ, ಒಂದನ್ನು ಬಲಕ್ಕೂ ಇನ್ನೊಂದನ್ನು ಕೆಳಕ್ಕೂ ಜೋಡಿಸಿ. ಈಗ ಕಾಣುವುದು ಒಂದು ದೊಡ್ಡ ಚೌಕವೇ, ಆದರೆ ಮೂಲೆ ಒಡೆದ ಕಡಪ ಕಲ್ಲಿನ ಹಾಗೆ ಒಂದು ತುಂಡು ಇಲ್ಲ. ಇಲ್ಲದ ತುಂಡು ಐದಕ್ಕೆ ಐದು, ಅಂದರೆ 25. ಅದನ್ನು ತುಂಬಿ. 39ಕ್ಕೆ 25 ಸೇರಿ 64 ಆಯಿತು. 64ರ ಚೌಕಕ್ಕೆ ಬಾಹು 8. ಅದರಲ್ಲಿ ಪಟ್ಟಿಯ 5 ತೆಗೆದರೆ 3. ಒಂಬತ್ತೂ ಮೂವತ್ತೂ ಮೂವತ್ತೊಂಬತ್ತು, ಲೆಕ್ಕ ಸರಿ.

ವರ್ಗ ಪೂರ್ಣಗೊಳಿಸುವುದು ಅಂದರೆ ಇಷ್ಟೇ. ಮೂಲೆ ತುಂಬುವುದು. ಆತನಿಗೂ ಎರಡು ಸಾವಿರ ವರ್ಷಕ್ಕಿಂತ ಹಿಂದೆ ಬ್ಯಾಬಿಲೋನಿಯಾದ ಲಿಪಿಕಾರರು ಹಸಿ ಮಣ್ಣಿನ ಹಲಗೆಯ ಮೇಲೆ ಇದೇ ಜಾತಿಯ ಲೆಕ್ಕಗಳನ್ನು ಇದೇ ಕ್ರಮದಲ್ಲಿ ಬಿಡಿಸಿದ್ದರು. ಅಂಥ ಒಂದು ಹಲಗೆ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅರ್ಧ ಮಾಡು, ವರ್ಗ ಮಾಡು, ಕೂಡಿಸು, ಮೂಲ ತೆಗೆ, ಕಳೆ: ಈ ಐದು ಹೆಜ್ಜೆ ಅಷ್ಟು ಹಳೆಯವು.

ಇದನ್ನೆಲ್ಲ ಈಗ ಹೇಳುವುದಕ್ಕೆ ಕಾರಣವಿದೆ. ಪಠ್ಯದ ಹೊರೆ ಇಳಿಸುತ್ತೇವೆಂದು ಎನ್‌ಸಿಇಆರ್‌ಟಿಯವರು 2022ರಲ್ಲಿ ಹತ್ತನೇ ತರಗತಿಯ ಗಣಿತದಿಂದ ಕೆಲವು ಭಾಗಗಳನ್ನು ಕೈಬಿಟ್ಟರು. ವರ್ಗ ಪೂರ್ಣಗೊಳಿಸುವ ವಿಧಾನ ಅವುಗಳಲ್ಲೊಂದು. ಸೂತ್ರ ಉಳಿಯಿತು, ಸೂತ್ರ ಹುಟ್ಟಿದ ದಾರಿ ಹೋಯಿತು. ಇದು ನನಗೆ ಒಪ್ಪಿಗೆಯಾಗದ ಮಾತು. ಹೊರೆಯಾಗುವುದು ಯಾವುದು ಹೇಳಿ? ಅರ್ಥವಾದದ್ದು ಹೊರೆಯಾಗುವುದಿಲ್ಲ, ಅರ್ಥವಾಗದೆ ಬಾಯಿಪಾಠ ಮಾಡಿದ್ದೇ ಹೊರೆ. ತೆಗೆಯಲೇಬೇಕಿದ್ದರೆ ಅಪವರ್ತಿಸುವ ಒಂದಷ್ಟು ಅಭ್ಯಾಸಗಳನ್ನು ತೆಗೆಯಬಹುದಿತ್ತು.

ನಾಲ್ಕರ ಮಾತು ಹಾಗೇ ಉಳಿಯಿತು. ಅದಕ್ಕೆ ಮೊದಲು ನಮ್ಮ ಮಾನ್ಯಖೇಟದ ಕಡೆ ಒಂದು ಸುತ್ತು ಹೋಗಬೇಕು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಎಂದರೆ ನಮಗೆ ನೆನಪಾಗುವುದು ‘ಕವಿರಾಜಮಾರ್ಗ’. ಅದೇ ದೊರೆಯನ್ನು ಹೊಗಳಿ ಶುರುವಾಗುವ ಇನ್ನೊಂದು ಗ್ರಂಥವಿದೆ, ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’. ಸುಮಾರು 850ರ ಕೃತಿ, ಭಾಷೆ ಸಂಸ್ಕೃತ. ಒಂದೇ ಅರಸನ ಕಾಲದಲ್ಲಿ ಕಾವ್ಯಕ್ಕೂ ಲೆಕ್ಕಕ್ಕೂ ಇಷ್ಟು ದೊಡ್ಡ ಪುಸ್ತಕಗಳು ಬಂದವಲ್ಲ ಎಂದು ನೆನೆದಾಗಲೆಲ್ಲ ನನಗೆ ಎದೆಯುಬ್ಬುತ್ತದೆ. ಇರಲಿ, ಅದರಲ್ಲೊಂದು ಒಂಟೆಗಳ ಲೆಕ್ಕವಿದೆ. ಹಿಂಡಿನ ಕಾಲುಭಾಗ ಕಾಡಿನಲ್ಲಿ ಕಂಡಿತು. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಇಳಿಜಾರಿಗೆ ಹೋಗಿದ್ದವು. ಮೂರೈದಲ ಹದಿನೈದು ಒಂಟೆ ನದಿಯ ದಡದಲ್ಲಿದ್ದವು. ಒಟ್ಟು ಎಷ್ಟು?

ವರ್ಗಮೂಲವನ್ನೇ ಅವ್ಯಕ್ತ ಎಂದಿಟ್ಟುಕೊಳ್ಳಿ. ಆಗ ಹಿಂಡು ಅದರ ವರ್ಗ. ಕಾಲುಭಾಗ ಕಾಡಿಗೆ ಹೋದ ಮೇಲೆ ಉಳಿದ ಮುಕ್ಕಾಲು ವರ್ಗದಲ್ಲಿ ಎರಡು ಅವ್ಯಕ್ತ ಕಳೆದರೆ 15. ಎಲ್ಲವನ್ನೂ ನಾಲ್ಕರಿಂದ ಗುಣಿಸಿದರೆ ಮೂರು ವರ್ಗ, ಕಳೆ ಎಂಟು ಅವ್ಯಕ್ತ, ಸಮ 60. ಈಗ ಮೂಲೆ ತುಂಬಲು ಹೊರಟರೆ ಮೊದಲು ಮೂರರಿಂದ ಭಾಗಿಸಬೇಕು. ಎಂಟರ ಮೂರನೇ ಒಂದು, ಅದರ ಅರ್ಧ, ಅದರ ವರ್ಗ... ಭಿನ್ನರಾಶಿಗಳು ಸಾಲುಗಟ್ಟುತ್ತವೆ. ಮಕ್ಕಳು ಬೇಸತ್ತು ಪುಸ್ತಕ ಮುಚ್ಚುವುದೇ ಇಲ್ಲಿ.

ಇಲ್ಲಿ ಕೈಹಿಡಿಯುವವನು ಶ್ರೀಧರಾಚಾರ್ಯ. ಆತನ ಬೀಜಗಣಿತದ ಪುಸ್ತಕ ಕಳೆದುಹೋಗಿದೆ. ಅದರ ಒಂದು ನಿಯಮವನ್ನು ಹನ್ನೆರಡನೇ ಶತಮಾನದ ಭಾಸ್ಕರಾಚಾರ್ಯ ಶ್ರೀಧರನ ಹೆಸರು ಹೇಳಿಯೇ ಉದ್ಧರಿಸಿದ್ದರಿಂದ ನಮಗೆ ಉಳಿದಿದೆ. ಒಬ್ಬ ದೊಡ್ಡವನು ತನಗಿಂತ ಹಿಂದಿನವನ ಋಣವನ್ನು ಹೆಸರಿಟ್ಟು ಹೇಳಿದ್ದರಿಂದ ಒಂದು ವಿದ್ಯೆ ಬದುಕಿತು. ನಿಯಮ ಇದು: ವರ್ಗದ ಸಹಗುಣಕ ಯಾವುದೋ ಅದರ ನಾಲ್ಕರಷ್ಟರಿಂದ ಎರಡೂ ಕಡೆ ಗುಣಿಸು, ಅವ್ಯಕ್ತದ ಸಹಗುಣಕದ ವರ್ಗವನ್ನು ಎರಡೂ ಕಡೆ ಕೂಡಿಸು, ಆಮೇಲೆ ಮೂಲ ತೆಗೆ.

ಒಂಟೆಗಳಿಗೆ ಹಾಕಿ ನೋಡೋಣ. ಸಹಗುಣಕ 3, ನಾಲ್ಕರಷ್ಟು 12. ಗುಣಿಸಿದರೆ 36 ವರ್ಗ, ಕಳೆ 96 ಅವ್ಯಕ್ತ, ಸಮ 720. ಎಂಟರ ವರ್ಗ 64 ಕೂಡಿಸಿ: ಬಲಗಡೆ 784. ಅದು 28ರ ವರ್ಗ. ಎಡಗಡೆ ಆರು ಅವ್ಯಕ್ತದಲ್ಲಿ ಎಂಟು ಕಳೆದದ್ದರ ವರ್ಗ. ಆರು ಅವ್ಯಕ್ತ 36, ಅವ್ಯಕ್ತ 6, ಒಂಟೆ 36. ಕಾಡಿನಲ್ಲಿ ಒಂಬತ್ತು, ಬೆಟ್ಟದಲ್ಲಿ ಹನ್ನೆರಡು, ದಡದಲ್ಲಿ ಹದಿನೈದು. ದಾರಿಯಲ್ಲಿ ಒಂದೇ ಒಂದು ಭಿನ್ನರಾಶಿ ಸಿಗಲಿಲ್ಲ.

ನಾಲ್ಕು ಬಂದದ್ದು ಅಲ್ಲಿಂದ. ಸೂತ್ರದಲ್ಲಿ ಎ ಎಂದರೆ ವರ್ಗದ ಸಹಗುಣಕ, ಬಿ ಎಂದರೆ ಅವ್ಯಕ್ತದ ಸಹಗುಣಕ, ಸಿ ಎಂದರೆ ಬಿಡಿ ಸಂಖ್ಯೆ. ಬರೀ ಎ ಇಂದ ಗುಣಿಸಿದ್ದರೂ ಮೊದಲ ಪದ ಪೂರ್ಣ ವರ್ಗವಾಗುತ್ತಿತ್ತು. ಆದರೆ ನಡುವಿನ ಬಿಯನ್ನು ಅರ್ಧ ಮಾಡಬೇಕಾಗುತ್ತಿತ್ತು, ಬಿ ಬೆಸವಾದರೆ ಅಲ್ಲೇ ಅರೆಪಾಲು. ನಾಲ್ಕು ಸೇರಿದರೆ ಆ ಅರ್ಧ ಮೊದಲೇ ತೀರಿಹೋಗುತ್ತದೆ. ಬಲಗಡೆಗೆ ದಾಟಿ ಮೈನಸ್ ಆದ ಸಿ ನಾಲ್ಕು ಎ ಇಂದ ಗುಣಿಸಿಕೊಂಡು ಮೈನಸ್ ಫೋರ್ ಎಸಿ ಆಯಿತು, ಕೂಡಿಸಿದ ಬಿ ವರ್ಗ ಅದರ ಪಕ್ಕ ನಿಂತಿತು, ಎಡಗಡೆ ಉಳಿದ ಟೂ ಎ ಕೊನೆಗೆ ಭಾಜಕವಾಗಿ ಕೆಳಗಿಳಿಯಿತು. ಪಂಕ್ತಿಯಲ್ಲಿ ಒಂದೇ ಉಸಿರಿಗೆ ಹೇಳಿದ್ದರ ಒಂದೊಂದು ಅಕ್ಷರಕ್ಕೂ ಈಗ ವಿಳಾಸ ಸಿಕ್ಕಿತು.

ಇನ್ನು ಆ ‘ಪ್ಲಸ್ ಆರ್ ಮೈನಸ್’. ಎರಡು ಉತ್ತರ ಬಂದರೆ ಯಾವುದನ್ನು ಒಪ್ಪಬೇಕು? ಭಾಸ್ಕರನ ‘ಬೀಜಗಣಿತ’ದಲ್ಲಿ ಎರಡು ಕೋತಿ ಲೆಕ್ಕಗಳಿವೆ. ಹಿಂಡಿನ ಎಂಟನೇ ಒಂದರ ವರ್ಗದಷ್ಟು ಕೋತಿಗಳು ಕಾಡಿನಲ್ಲಿ ಕುಣಿಯುತ್ತಿದ್ದವು, ಉಳಿದ 12 ಗುಡ್ಡದ ಮೇಲಿದ್ದವು. ಉತ್ತರ 48, ಅಥವಾ 16. ಎರಡೂ ಸರಿ, ಭಾಸ್ಕರ ಎರಡನ್ನೂ ಒಪ್ಪಿದ. ಇನ್ನೊಂದರಲ್ಲಿ, ಹಿಂಡಿನ ಐದನೇ ಒಂದರಲ್ಲಿ ಮೂರು ಕಳೆದು ವರ್ಗ ಮಾಡಿದಷ್ಟು ಗುಹೆಗೆ ಹೋದವು, ಒಂದು ಕೋತಿ ಕೊಂಬೆ ಹತ್ತಿ ಕೂತಿತ್ತು. ಉತ್ತರ 50, ಅಥವಾ 5. ಐದನ್ನು ಆತ ಬಿಟ್ಟ. ಐದರ ಐದನೇ ಒಂದು ಒಂದೇ. ಒಂದರಲ್ಲಿ ಮೂರು ಕಳೆದರೆ ಋಣ ಎರಡು. ಅಂಥ ಋಣ ರಾಶಿಯನ್ನು ಲೋಕ ಒಪ್ಪುವುದಿಲ್ಲ ಎಂಬುದು ಆತನ ಕಾರಣ. ಸೂತ್ರ ಎರಡನ್ನೂ ಕೊಟ್ಟಿತು, ಆರಿಸುವ ಕೆಲಸ ಲೆಕ್ಕ ಮಾಡುವವನದು. ಉತ್ತರಪತ್ರಿಕೆಯಲ್ಲಿ ‘ಋಣ ಬೆಲೆ ಸಾಧ್ಯವಿಲ್ಲ’ ಎಂದು ಒಂದು ಸಾಲು ಗೀಚಿ ಮುಂದೆ ಹೋಗುವ ಮಕ್ಕಳಿಗೆ ಈ ಕೋತಿಗಳನ್ನು ಒಮ್ಮೆ ತೋರಿಸಬೇಕು. ಮೂಲದೊಳಗೇ ಋಣ ಬಂದರೆ? ಋಣಕ್ಕೆ ವರ್ಗಮೂಲವಿಲ್ಲ ಎಂದು ಮಹಾವೀರಾಚಾರ್ಯ ಆಗಲೇ ಸ್ಪಷ್ಟವಾಗಿ ಹೇಳಿದ್ದ. ಶೋಧಕ, ಅಂದರೆ ಮೂಲದೊಳಗಿನ ಆ ಬಿ ಸ್ಕ್ವೇರ್ ಮೈನಸ್ ಫೋರ್ ಎಸಿ, ಸೊನ್ನೆಗಿಂತ ಕಡಿಮೆಯಾದರೆ ವಾಸ್ತವ ಮೂಲಗಳಿಲ್ಲ ಎಂದು ಇವತ್ತಿನ ಪಠ್ಯ ಹೇಳುವುದೂ ಅದನ್ನೇ.

‘ಗಣಿತಸಾರಸಂಗ್ರಹ’ವನ್ನು ಪದ್ಮಾವತಮ್ಮನವರು ಕನ್ನಡಕ್ಕೆ ತಂದಿದ್ದಾರೆ, 2000ದಲ್ಲಿ ಹೊಂಬುಜದಿಂದ ಪ್ರಕಟವಾಗಿದೆ. ಗಣಿತದ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದು ಬೇಡಿಕೆ: ಪಠ್ಯದಲ್ಲಿ ಇರಲಿ ಬಿಡಲಿ, ಸೂತ್ರ ಬರೆಸುವ ಮುಂಚೆ ಒಂದು ಪೀರಿಯಡ್ಡು ಆ ಮೂಲೆ ತುಂಬುವ ಚಿತ್ರಕ್ಕೂ ಶ್ರೀಧರನ ನಾಲ್ಕಕ್ಕೂ ಕೊಡಿ. ಓದುಗರಿಗೆ ಭಾಸ್ಕರನದೇ ‘ಲೀಲಾವತಿ’ಯದೊಂದು ಲೆಕ್ಕ ಬಿಟ್ಟುಹೋಗುತ್ತೇನೆ. ಕರ್ಣನ ಮೇಲೆ ಯುದ್ಧಕ್ಕೆ ನಿಂತ ಅರ್ಜುನ ತನ್ನ ಬಾಣಗಳಲ್ಲಿ ಅರ್ಧದಿಂದ ಕರ್ಣನ ಬಾಣಗಳನ್ನು ತಡೆದ, ಒಟ್ಟು ಬಾಣಗಳ ವರ್ಗಮೂಲದ ನಾಲ್ಕರಷ್ಟರಿಂದ ಕುದುರೆಗಳನ್ನು ಹೊಡೆದ, ಆರರಿಂದ ಶಲ್ಯನನ್ನು, ಮೂರರಿಂದ ಕೊಡೆ, ಬಾವುಟ, ಬಿಲ್ಲನ್ನು, ಒಂದರಿಂದ ಕರ್ಣನ ತಲೆಯನ್ನು. ಬಾಣಗಳೆಷ್ಟು? ಸೂತ್ರ ಹಾಕಬೇಡಿ, ಮೂಲೆ ತುಂಬಿ ಬಿಡಿಸಿ.